ಸಾವಿರ ದ್ವೀಪ, ಒಂದು ಕುದ್ರು

ನಾನು ನೀರಿನ ಹತ್ತಿರ ಹೋದೆ ಅಂದರೆ ಏನಾದರೊಂದು ಆಗದೆ ಇರುವುದಿಲ್ಲ. ಜೊತೆಗೆ ಹತ್ತು ಜನ ಇದ್ದರೂ ಆಗುವುದು ನನಗೇ. ಯಾಕೆಂದರೆ ನಾನು ನೀರಿನಲ್ಲೇ ಹುಟ್ಟಿದವನು. ಉಡುಪಿ ಕಡೆಯ ಒಂದು ಹೊಳೆ, ಹೊಳೆಯ ನಡುವೆ ಒಂದು ಕುದ್ರು, ಅಂದರೆ ಸುತ್ತಲೂ ನೀರಿರುವ ತುಂಡು ನೆಲ. ಅದರಲ್ಲಿ ನಮ್ಮ ಮನೆ. ನಡೆಯುವುದಕ್ಕಿಂತ ಮೊದಲೇ ನಾನು ಈಜು ಕಲಿತೆ ಅಂತ ಅಮ್ಮ ಹೇಳುತ್ತಾಳೆ. ಅಮ್ಮ ನನ್ನ ವಿಷಯವನ್ನು ಸ್ವಲ್ಪ ಕಡಿಮೆ ಮಾಡಿಯೇ ಹೇಳುವವಳು.

ಈಗ ಇರುವುದು ಒಮಾನಿನ ಅಲ್ ಖೌದ್‌ನಲ್ಲಿ. ಬಾತ್‌ರೂಮ್ ಸಾಮಾನಿನ ಅಂಗಡಿಯಲ್ಲಿ ಕೆಲಸ. ಹೊಳೆ ಬಿಟ್ಟು ಬಂದು ನಲ್ಲಿ ಮಾರುತ್ತೇನೆ. ಒಮಾನಿನಲ್ಲಿ ಸಮುದ್ರ ಇದೆಯಲ್ಲ ಅಂತ ಕೇಳಬೇಡಿ. ಆಚೆ ದಡ ಕಾಣದ ನೀರು ನಮ್ಮಂಥವರ ಲೆಕ್ಕಕ್ಕಿಲ್ಲ. ನೀರು ಅಂದ ಮೇಲೆ ಆಚೆ ದಡ ಇರಬೇಕು, ಅಲ್ಲಿ ಯಾರಾದರೂ ನಿಂತಿರಬೇಕು.

ನನ್ನ ಪಾಲಿಗೆ ಅಲ್ಲಿ ನಿಂತವಳು ನಮ್ಮ ಕುದ್ರುವಿನ ದೋಣಿಯವಳು. ದೋಣಿ ನಡೆಸುತ್ತಿದ್ದ ತನ್ನಪ್ಪನ ಭುಜಕ್ಕೆ ನೋವು ಬಂದಾಗ ನಾಲ್ಕು ದಿನಕ್ಕೆಂದು ಹುಟ್ಟು ಹಿಡಿದವಳು ಇವತ್ತಿಗೂ ಬಿಟ್ಟಿಲ್ಲ. ಪೇಟೆಗೆ ಹೋಗುವವರು, ಆಡು, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು, ಎಲ್ಲವೂ ಅವಳ ದೋಣಿಯಲ್ಲೇ ದಾಟಬೇಕು. ಒಮಾನಿಗೆ ಹೊರಡುವ ಮೊದಲು ಕೇಳಿದ್ದೆ, "ನನ್ನನ್ನು ಮದುವೆಯಾಗ್ತೀಯಾ?" ಅವಳು ಹುಟ್ಟು ಎಳೆಯುತ್ತಲೇ, "ನೋಡುವ" ಅಂದಳು. ಆಮೇಲೆ ಪ್ರತಿ ರಜೆಯಲ್ಲೂ ಕೇಳಿದ್ದೇನೆ. ಪ್ರತಿ ಸಲವೂ "ನೋಡುವ." ನಮ್ಮ ಕಡೆ ನೋಡುವ ಅಂದರೆ ಆಗುತ್ತದೆ ಅಂತಲೂ ಅಲ್ಲ, ಆಗುವುದಿಲ್ಲ ಅಂತಲೂ ಅಲ್ಲ. ನನ್ನಂಥ ಗಂಡು ಹೊಳೆಯ ಎರಡೂ ದಡದಲ್ಲಿ ಹುಡುಕಿದರೂ ಸಿಗುವುದಿಲ್ಲ, ಅದು ಅವಳಿಗೂ ಗೊತ್ತು. ಗೊತ್ತಿದ್ದೂ ನೋಡುತ್ತಿದ್ದಾಳೆ! ಆ ಒಂದು ಉತ್ತರಕ್ಕೆ ಕಾಯುತ್ತಾ ಇರುವಾಗ ಆದ ಸಂಗತಿಗಳು ಇವು.

೧. ಮಳೆ ಮಾರಿದ್ದು

ಅಂಗಡಿಯ ಧಣಿ ನಮ್ಮ ಹಾಜಿಯವರು. ಮಂಗಳೂರು ಕಡೆಯ ಬ್ಯಾರಿ, ಒಮಾನಿಗೆ ಬಂದು ಗಡ್ಡ ಬೆಳ್ಳಗೆ ಮಾಡಿಕೊಂಡವರು. ಅವರ ಅಂಗಡಿಯಲ್ಲಿ ನನ್ನಷ್ಟು ಚಂದ ಮಾತಾಡಿ ಮಾರುವವರು ಯಾರೂ ಇಲ್ಲ. ಇದು ನಾನು ಹೇಳುವುದಲ್ಲ. ಅವರು ಹೇಳುವುದಿಲ್ಲ, ಅಷ್ಟೇ.

ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಒಂದು ಜುಲೈ ಮಧ್ಯಾಹ್ನ. ಹೊಸ ಮನೆ ಕಟ್ಟಿಸುತ್ತಿದ್ದ ಒಮಾನಿ ಯಜಮಾನರೊಬ್ಬರು ಬಂದರು. ಚಾವಣಿಗೆ ಹಾಕುವ, ಪರಾತದಷ್ಟು ಅಗಲದ ಶವರ್ ತೋರಿಸಿ ಕೇಳಿದರು, "ಇದರಲ್ಲಿ ನಿಜವಾಗಿ ಮಳೆ ಬಂದ ಹಾಗೆ ಬರ್ತದಾ?"

ಮಳೆ ಅಂದರೆ ಎಂತ ಅಂತ ನನ್ನಲ್ಲಿ ಕೇಳಿಬಿಟ್ಟರಲ್ಲ! ಶುರು ಮಾಡಿದೆ. ಮೊದಲು ಗಾಳಿ. ತೆಂಗಿನ ತಲೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಆಮೇಲೆ ಆಚೆ ದಡ ಬೆಳ್ಳಗಾಗಿ ಮಾಯ. ಹೊಳೆಯ ಮೇಲಿಂದ ಮೊದಲು ಸದ್ದು ಬರುತ್ತದೆ, ನೀರು ಹಿಂದಿನಿಂದ ಬರುತ್ತದೆ. ಮಣ್ಣಿನ ವಾಸನೆ. ರಾತ್ರಿಯಿಡೀ ಕಪ್ಪೆ. ನನ್ನ ಅರಬ್ಬಿ ಎಷ್ಟು ಅಂತ ನನಗೆ ಗೊತ್ತು. ಕಡಿಮೆ ಬಿದ್ದದ್ದನ್ನು ಕೈಯಲ್ಲಿ, ಕಪ್ಪೆಯನ್ನು ಬಾಯಲ್ಲೇ ಮಾಡಿ ತೋರಿಸಿದೆ. ಯಜಮಾನರು ಪ್ರದರ್ಶನಕ್ಕಿಟ್ಟ ಕಮೋಡಿನ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. ಕೇಳಿ, ಶವರ್ ತಗೊಂಡು ಹೋದರು.

ಮುಂದಿನ ವಾರ ವಾಪಸ್ ಬಂದರು. ಮುಖ ಗಂಭೀರ.

"ನೀನು ಹೇಳಿದ್ದು ಬರಲಿಲ್ಲ."

"ನೀರು ಬರ್ತಿಲ್ವಾ ಯಜಮಾನರೇ?"

"ನೀರು ಬರ್ತದೆ. ಗಾಳಿ ಬರಲಿಲ್ಲ, ವಾಸನೆ ಬರಲಿಲ್ಲ. ಕಪ್ಪೆಯಂತೂ ಇಲ್ಲವೇ ಇಲ್ಲ."

ಹಾಜಿಯವರು ಅವರಿಗೆ ಕಾವಾ, ಅಂದರೆ ಅರಬ್ಬಿ ಕಾಫಿ, ಕುಡಿಸಿ, ಖರ್ಜೂರ ತಿನ್ನಿಸಿ ಸಮಾಧಾನ ಮಾಡಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಇನ್ನು ಮುಂದೆ ನೀನು ಪೈಪಿನ ಸೈಜು ಮಾತ್ರ ಹೇಳು ಮಾರಾಯ. ನಿನ್ನ ಊರಿನ ಮಳೆಗೆ ನಾನು ವಾರಂಟಿ ಕೊಡ್ಲಿಕ್ಕಾಗುದಿಲ್ಲ."

೨. ಪೊಲೀಸ್ ಮತ್ತು ನನ್ನ ಅಮ್ಮ

ಅಲ್ ಖೌದ್‌ನಲ್ಲಿ ಮಳೆ ಬಂದರೆ ಜನ ಮನೆಯೊಳಗೆ ಹೋಗುವುದಿಲ್ಲ, ಹೊರಗೆ ಬರುತ್ತಾರೆ. ಬೆಟ್ಟದಿಂದ ವಾದಿ, ಅಂದರೆ ಮಳೆ ಬಂದಾಗ ಮಾತ್ರ ತುಂಬುವ ಒಣ ಹೊಳೆ, ಹರಿದು ಬಂದು ಅಣೆಕಟ್ಟಿನ ಹತ್ತಿರ ನೀರು ನಿಲ್ಲುತ್ತದೆ. ಅದನ್ನು ನೋಡಲು ಊರಿಗೆ ಊರೇ ಕಾರು ಹತ್ತುತ್ತದೆ. ಹೆಂಡತಿ, ಮಕ್ಕಳು, ಅಜ್ಜಿ, ಟೀ ಫ್ಲಾಸ್ಕು.

ಒಂದು ಶುಕ್ರವಾರ ಹಾಜಿಯವರ ಕಾರಿನಲ್ಲಿ ನಾನೂ ಹೋದೆ. ನೀರು ನೋಡಿದೆ ಮಾರಾಯ್ರೆ. ಕೆಂಪು ನೀರು, ನಮ್ಮ ಹೊಳೆಯ ಜೂನ್ ತಿಂಗಳ ಬಣ್ಣ! ಒಂದು ಒಣಗಿದ ಕೊಂಬೆ ತಿರುಗುತ್ತಾ ಹೋಯಿತು, ಥೇಟ್ ನಮ್ಮ ಕಡವಿನಲ್ಲಿ ಹೋದ ಹಾಗೆ. ಕಡವು ಅಂದರೆ ದೋಣಿ ಹತ್ತುವ ಜಾಗ. ನನಗೆ ಎಂತ ಆಯಿತೋ, ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿಯತೊಡಗಿದೆ.

ಪೊಲೀಸ್ ಪೀಪಿ ಊದಿದ. "ಎಲ್ಲಿಗೆ?"

ನಾನು ಎದೆಯುಬ್ಬಿಸಿ ಹೇಳಿದೆ, "ನೋಡಿ ಸಾರ್, ನಾನು ದ್ವೀಪದವನು. ಈ ಲೋಕದ ಯಾವ ನೀರೂ ನನ್ನನ್ನು ಏನೂ ಮಾಡುವುದಿಲ್ಲ. ನೀರು ಅಂದರೆ ನನಗೆ ಅಮ್ಮ."

ಅವನು ನನ್ನನ್ನು ನೋಡಿದ, ನೀರನ್ನು ನೋಡಿದ. ಮತ್ತೆ ಬಹಳ ಮರ್ಯಾದೆಯಿಂದ ಹೇಳಿದ, "ಇವತ್ತು ನಿನ್ನ ಅಮ್ಮನಿಗೆ ಸಿಟ್ಟು ಬಂದಿದೆ. ದೂರದಿಂದ ಸಲಾಂ ಮಾಡಿ ಹೋಗು. ಯಲ್ಲಾ, ನಡಿ!"

ಹಾಜಿಯವರ ಹೆಂಡತಿ ಆಮೇಲೆ ಒಂದು ತಿಂಗಳು, ನಾನು ಸಿಕ್ಕಿದಾಗಲೆಲ್ಲ "ಅಮ್ಮ ಹೇಗಿದ್ದಾರೆ, ಸಿಟ್ಟು ಇಳಿಯಿತಾ?" ಅಂತ ಕೇಳುತ್ತಿದ್ದರು.

೩. ಕಾಲ ಕೆಳಗೆ ಒಂದು ಮನೆ

ಹಾಜಿಯವರು ವರ್ಷಕ್ಕೊಮ್ಮೆ ಮಾಲು ನೋಡಲು ಚೀನಾಕ್ಕೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದುಕೊಂಡು ಹೋದರು. ನಲ್ಲಿ ತಿರುಗಿಸಿದ ಕೂಡಲೇ ಅದು ಎಷ್ಟು ವರ್ಷ ಬಾಳುತ್ತದೆ ಅಂತ ಹೇಳುವ ಕೈ ನನ್ನದು. ಮಾತುಕತೆಯೆಲ್ಲ ಮುಗಿದ ಮೇಲೆ ನಲ್ಲಿ ಕಾರ್ಖಾನೆಯವರು, ನಾಳೆ ನಿಮ್ಮನ್ನು ಒಂದು ಸರೋವರಕ್ಕೆ ಕರೆದೊಯ್ಯುತ್ತೇವೆ, ಅದರಲ್ಲಿ ಸಾವಿರ ದ್ವೀಪ ಇದೆ ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ದ್ವೀಪ ಬಿಟ್ಟು ಬಂದದ್ದಕ್ಕೇ ಇಷ್ಟು ಸಂಕಟ, ಸಾವಿರ ನೋಡಿದರೆ ಏನಾದೀತು?

ಕಾರ್ಖಾನೆಯ ದುಭಾಷಿ ಹುಡುಗಿ ಜೊತೆಗೆ ಬಂದಳು. ಅರಬ್ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಅರಬ್ಬಿ ಕಲಿತವಳು. ಅವಳ ಅರಬ್ಬಿ ನನ್ನದಕ್ಕಿಂತ ಒಂದು ಚೂರು ಒಳ್ಳೆಯದು ಅನ್ನಬಹುದು. ದೊಡ್ಡ ಬಿಳಿ ದೋಣಿ. ಎಲ್ಲರಿಗೂ ಲೈಫ್ ಜಾಕೆಟ್. ನನಗೂ! "ನಾನು ಕುದ್ರುವಿನವನು, ಇದು ನನಗೆ ಅವಮಾನ" ಅಂದೆ. ಅವಳು ಮಗುವಿಗೆ ಸ್ವೆಟರ್ ಹಾಕಿದ ಹಾಗೆ ಹಾಕಿ ಪಟ್ಟಿ ಬಿಗಿದಳು.

ಸರೋವರ ಹಸಿರು. ದ್ವೀಪಗಳು ಒಂದರ ಹಿಂದೆ ಒಂದು, ಎಮ್ಮೆಗಳು ನೀರಿನಲ್ಲಿ ಮಲಗಿ ಬೆನ್ನು ಮಾತ್ರ ತೋರಿಸಿದ ಹಾಗೆ. ಇವು ಮೊದಲು ದ್ವೀಪಗಳೇ ಅಲ್ಲವಂತೆ, ಗುಡ್ಡದ ತುದಿಗಳಂತೆ. ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿತು, ಪೇಟೆ, ಗದ್ದೆ, ಮನೆ ಎಲ್ಲ ಕೆಳಗೆ ಹೋಯಿತು. ಜನರನ್ನು ಬೇರೆ ಕಡೆಗೆ ಕಳಿಸಿದರು. ದುಭಾಷಿ ಹುಡುಗಿ ನೀರಿಗೆ ಬೆರಳು ತೋರಿಸಿದಳು. "ನನ್ನ ಅಜ್ಜಿಯ ಮನೆ ಇಲ್ಲೇ ಎಲ್ಲೋ, ನಮ್ಮ ಕಾಲ ಕೆಳಗಿದೆ."

"ಅಜ್ಜಿ ನೋಡಲು ಬರ್ತಾರಾ?" ಕೇಳಿದೆ.

"ಇದ್ದಾಗ ವರ್ಷಕ್ಕೊಮ್ಮೆ ಬರ್ತಿದ್ದರು. ದೋಣಿಯಲ್ಲಿ ಕೂತು ಕೆಳಗೆ ನೋಡ್ತಿದ್ದರು. ಅಂಗಳದಲ್ಲಿ ಬಟ್ಟೆ ಒಣಗಲು ಹಾಕಿ ಬಂದಿದ್ದೆ ಅಂತ ಹೇಳ್ತಿದ್ದರು."

ನಾನೂ ಬಗ್ಗಿ ಕೆಳಗೆ ನೋಡಿದೆ. ಪಕ್ಕದಲ್ಲಿ ಹಾಜಿಯವರು ಮೆಲ್ಲನೆ ಬಗ್ಗಿ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟರು. "ಒಬ್ಬರ ಮನೆಯ ಮೇಲೆ ಚಪ್ಪಲಿ ಹಾಕಿ ನಿಲ್ಲುದಾ? ಸರಿಯಲ್ಲ" ಅಂದರು. ನಾನೂ ಶೂ ಬಿಚ್ಚಿದೆ. ಎದುರಿನ ಬೆಂಚಿನವರು ನಮ್ಮನ್ನು ನೋಡಿದರು. ಇದೇನೋ ಹೊಸ ನಿಯಮ ಬಂದಿದೆ ಅಂದುಕೊಂಡು ಅವರೂ ಬಿಚ್ಚಿದರು. ಅವರನ್ನು ನೋಡಿ ಹಿಂದಿನವರು. ಐದು ನಿಮಿಷದಲ್ಲಿ ದೋಣಿಯಿಡೀ ಬರಿಗಾಲು! ಟಿಕೆಟ್ ನೋಡುವವನು ಬಂದು, ಗಾಬರಿಯಾಗಿ, ತನ್ನದನ್ನೂ ಬಿಚ್ಚಿಟ್ಟ.

ಇಳಿಯುವಾಗ ಮಾತ್ರ ಯಾರದು ಯಾರ ಕಾಲಿಗೆ ಅಂತ ಗೊತ್ತಾಗಲಿಲ್ಲ. ಹಾಜಿಯವರ ಒಮಾನಿ ಚರ್ಮದ ಚಪ್ಪಲಿ ಒಬ್ಬ ಅಜ್ಜಿಯ ಕಾಲಲ್ಲಿ ಹೊರಟುಹೋಯಿತು. ಹಾಜಿಯವರು ಉಳಿದದ್ದನ್ನು ಹಾಕಿಕೊಂಡರು. ಗುಲಾಬಿ ಬಣ್ಣ, ಮೇಲೆ ಮೊಲದ ಕಿವಿ. ದಿನವಿಡೀ ಅದರಲ್ಲೇ ನಡೆದರು. "ಮೆತ್ತಗುಂಟು" ಅಂತ ಒಪ್ಪಿಕೊಂಡರು ಕೂಡ.

೪. ಮಂಗಗಳ ಸೇತುವೆ

ಒಂದು ದ್ವೀಪದಿಂದ ಪಕ್ಕದ ದ್ವೀಪಕ್ಕೆ ಚಂದದ ಸೇತುವೆ. ಎರಡೂ ಬದಿಗೆ ಹಿಡಿಯಲು ಕಂಬಿ, ಬಣ್ಣ ಹೊಡೆದ ಹಲಗೆ. "ಆಚೆ ಯಾರಿದ್ದಾರೆ?" ಕೇಳಿದೆ.

"ಮಂಗಗಳು" ಅಂದಳು ದುಭಾಷಿ ಹುಡುಗಿ.

"ಮನುಷ್ಯರು?"

"ಮನುಷ್ಯರು ಯಾರೂ ಇಲ್ಲ. ಮಂಗಗಳು ಮಾತ್ರ."

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಮ್ಮ ಕುದ್ರುವಿಗೆ ಸೇತುವೆ ಬಂದರೆ ದೋಣಿಯ ಕೆಲಸ ಮುಗಿಯುತ್ತದೆ, ನಮ್ಮ ದೋಣಿಯವಳ ಕೈ ಖಾಲಿಯಾಗುತ್ತದೆ, ಆಗ ನೋಡುವ ಅನ್ನಲು ನೆವವೇ ಉಳಿಯುವುದಿಲ್ಲ. ಹಾಗಾಗಿ ಆ ಸೇತುವೆಗಾಗಿ ನನ್ನಷ್ಟು ಹಂಬಲಿಸಿದವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಪ್ರತಿ ಚುನಾವಣೆಗೂ ಒಂದು ಶಿಲಾನ್ಯಾಸ ಆಗುತ್ತದೆ. ಆ ಕಲ್ಲುಗಳನ್ನೇ ಸಾಲಾಗಿ ನೀರಿಗೆ ಹಾಕಿದ್ದರೆ ಈಗಾಗಲೇ ಅರ್ಧ ಹೊಳೆ ದಾಟಬಹುದಿತ್ತು.

ಸೇತುವೆಯ ಮೇಲೆ ನಿಂತು, ಮಂಗನೂ ಬರುವ ಹಾಗೆ, ಒಂದು ಫೋಟೋ ತೆಗೆದು ದೋಣಿಯವಳಿಗೆ ಕಳಿಸಿದೆ. ಒಮಾನಿನಲ್ಲಿದ್ದವರಿಗೆ ಮೊಬೈಲಿನಲ್ಲಿ ಕರೆಗಿಂತ ವಾಯ್ಸ್ ಮೆಸೇಜೇ ರೂಢಿ. ಜೊತೆಗೆ ಹೇಳಿದೆ, "ನೋಡು, ಇಲ್ಲಿ ಮಂಗಗಳಿಗೂ ಸೇತುವೆ ಇದೆ. ನಮಗಿಲ್ಲ."

ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು. ಹಿಂದೆ ನೀರಿನ ಸದ್ದು. "ಅಲ್ಲಿನ ಮಂಗಗಳು ಹಟ ಹಿಡಿದು ಕೆಲಸ ಮಾಡಿಸಿಕೊಂಡಿರಬೇಕು. ನಮ್ಮಲ್ಲಿಗೆ ಬರುವವು ಮಾಲೆ ಹಾಕಿಸಿಕೊಂಡು ಹೋಗ್ತವೆ."

ಈ ಬಾಯಿಗೇ ನಾನು ಮರುಳಾದದ್ದು. "ಹಾಗಾದರೆ ಸೇತುವೆ ಬಂದರೆ ನನ್ನ ಜೊತೆ ಬರ್ತೀಯಾ?" ಕಳಿಸಿದೆ.

"ನೋಡುವ. ಅಂದ ಹಾಗೆ, ಫೋಟೋದಲ್ಲಿ ಲೈಫ್ ಜಾಕೆಟ್ ಹಾಕಿದ್ದು ಮಂಗ ಅಲ್ಲ ತಾನೇ?"

೫. ಮೀನಿನ ತಲೆ

ಮಧ್ಯಾಹ್ನ ಊಟಕ್ಕೆ ಆ ಸರೋವರದ ಮೀನಿನ ತಲೆಯ ಸಾರು. ತಲೆ ಅಂದರೆ ತಲೆ, ನಮ್ಮ ಹಿತ್ತಾಳೆ ಕೊಡಪಾನದಷ್ಟು! ಹಾಜಿಯವರು ಮೊಲದ ಕಿವಿಯ ಚಪ್ಪಲಿಯಲ್ಲಿ ಕೂತು ಬಿಸ್ಮಿಲ್ಲಾ ಹೇಳಿ ಶುರು ಮಾಡಿದರು. ನಾನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ, ಇಷ್ಟು ದೊಡ್ಡ ತಲೆ ಜನ್ಮದಲ್ಲಿ ನೋಡಿದ್ದೀಯಾ ಅಂತ.

ಅಮ್ಮ ಹೇಳಿದಳು, "ಬಿಳಿ ಸಾರು. ಒಂದು ಮೆಣಸು ಇಲ್ಲ, ಹುಳಿ ಇಲ್ಲ. ಪಾಪ ಮಗಾ, ಅಷ್ಟು ದೊಡ್ಡ ತಲೆ ಇದ್ದೂ ಎಂತ ಪ್ರಯೋಜನ? ಮೀನಿನದ್ದು ಹೇಳಿದ್ದು."

೬. ಕೂಗು

ಊಟದ ಮೇಲೆ ಇನ್ನೊಂದು ದ್ವೀಪಕ್ಕೆ ಹೋದೆವು. ಗುಡ್ಡ ಹತ್ತಿದರೆ ಸರೋವರವಿಡೀ ಕಾಣುತ್ತದೆ. ಹಾಜಿಯವರು ಮೊಲದ ಚಪ್ಪಲಿಯಲ್ಲಿ ಮೆಟ್ಟಿಲು ಬೇಡ ಅಂತ ಕೆಳಗೇ ಉಳಿದರು. ನಾನು ಹತ್ತಿದೆ. ಮೇಲೆ ಒಂದು ಕಲ್ಲು ಬೆಂಚು. ಕೂತೆ. ಎಲ್ಲಿ ನೋಡಿದರೂ ನೀರು, ಎಲ್ಲ ನೀರಿಗೂ ಆಚೆ ದಡ. ಆದರೆ ಯಾವ ದಡದಲ್ಲೂ ನಮ್ಮವರು ಒಬ್ಬರಿಲ್ಲ. ಸಾವಿರ ದ್ವೀಪ, ಒಂದರಲ್ಲೂ ಹೊಗೆ ಏಳುವುದಿಲ್ಲ, ಕೋಳಿ ಕೂಗುವುದಿಲ್ಲ. ಎಷ್ಟು ಹೊತ್ತು ಕೂತೆನೋ. ಅಮ್ಮನಿಗೆ ಅದನ್ನೇ ಹೇಳೋಣ ಅಂತ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, "ಅಮ್ಮಾ, ಇಲ್ಲಿ..." ಅನ್ನುವಷ್ಟರಲ್ಲಿ ಕೆಳಗೆ ನಮ್ಮ ಬಿಳಿ ದೋಣಿ ಹೊರಟು ಹೋಗುತ್ತಿದೆ!

ಬೇರೆಯವರಾದರೆ ಅಳುತ್ತಿದ್ದರು. ನಾನು ಕುದ್ರುವಿನವನು. ನಮ್ಮಲ್ಲಿ ದೋಣಿ ಬೇಕಾದರೆ ಕಡವಿನಲ್ಲಿ ನಿಂತು ಕೂಗುವುದು ಪದ್ಧತಿ. ಒಂದೊಂದು ಮನೆಗೆ ಒಂದೊಂದು ಕೂಗು. ನಮ್ಮ ಮನೆಯದು ಎರಡು ಮೊಟಕು, ಆಮೇಲೆ ಒಂದು ಉದ್ದ, ಕೊನೆಗೆ ಮೇಲಕ್ಕೆ ಒಂದು ಎಳೆತ. ಮಂಜಿನಲ್ಲಿ ಮುಖ ಕಾಣದಿದ್ದರೂ ದೋಣಿಯವಳಿಗೆ ಯಾರ ಮನೆಯವರು ಅಂತ ಗೊತ್ತಾಗುತ್ತದೆ. ಅದರಲ್ಲೂ ನನ್ನ ಕೂಗು! ಮೊಬೈಲನ್ನು ಬೆಂಚಿನ ಮೇಲಿಟ್ಟೆ, ಕೈ ಬಾಯಿಗೆ ಕೊಟ್ಟೆ, ಕೂಗಿದೆ. ಎದುರಿನ ದ್ವೀಪ ಅದನ್ನು ಹಿಂದಕ್ಕೆ ಕೂಗಿತು. ಅದರ ಹಿಂದಿನದು ಮತ್ತೊಮ್ಮೆ.

ಬಿಳಿ ದೋಣಿ ತಿರುಗಲಿಲ್ಲ. ಅದರೊಳಗಿದ್ದವರು ಕೈಬೀಸಿದರು, ಫೋಟೋ ತೆಗೆದರು. ಬೆಂಚಿನ ಹತ್ತಿರ ಇದ್ದ ಹತ್ತಿಪ್ಪತ್ತು ಚೀನಾದವರು, ಇಲ್ಲಿ ಹೀಗೆ ಮಾಡಬೇಕು ಅಂದುಕೊಂಡು, ಸಾಲಾಗಿ ನಿಂತು ನನ್ನ ಕೂಗನ್ನೇ ಕೂಗತೊಡಗಿದರು. ನಾನು ಮೊಬೈಲ್ ಎತ್ತಿ ಕಿಸೆಗೆ ತುರುಕಿ ಓಡಿದೆ. ತುರುಕುವಾಗ ಆ ರೆಕಾರ್ಡು ಅಮ್ಮನಿಗೆ ಹೋಗಿಬಿಟ್ಟಿದೆ. ಅದು ನನಗೆ ಗೊತ್ತಿಲ್ಲ.

ಅಲ್ಲಿಯವರು ನನ್ನನ್ನು ಹಿಂದೆ ಬಂದ ಇನ್ನೊಂದು ದೋಣಿಗೆ ಹತ್ತಿಸಿ ಕಳಿಸಿದರು. ನೀರಿನ ನಡುವೆ ರೇಂಜ್ ಇಲ್ಲ. ದಡ ಮುಟ್ಟಿದಾಗ ಹಾಜಿಯವರು ಕಾಯುತ್ತಿದ್ದರು. "ಎಂತ ಮಾರಾಯ ನೀನು? ಹಿಂದೆ ಕೂತಿದ್ದೀ ಅಂತ ನಾವು ಹೊರಟುಬಿಟ್ಟೆವು. ಸಾವಿರ ದ್ವೀಪದಲ್ಲಿ ನಿನ್ನನ್ನು ಎಲ್ಲಿ ಅಂತ ಹುಡುಕುದು?" ಅನ್ನುವಾಗಲೇ ನನ್ನ ಕಿಸೆ ಬಡಬಡ ಬಡಿದುಕೊಳ್ಳತೊಡಗಿತು. ಮೆಸೇಜಿನ ಮೇಲೆ ಮೆಸೇಜು, ಎಲ್ಲ ಅಮ್ಮನ ಮೊಬೈಲಿನಿಂದ.

ಮೊದಲನೆಯದರಲ್ಲಿ ಅಮ್ಮ. "ಮಗಾ, ಎಂತ ಮಾಡಿಬಿಟ್ಟೆ ನೀನು! ನಾನು ಪೇಟೆಯಿಂದ ಬರುವಾಗ ದೋಣಿ ತಪ್ಪಿತು, ಕಡವಿನಲ್ಲಿ ನಿಂತಿದ್ದೆ. ನಿನ್ನ ಮೆಸೇಜು ಬಂತು ಅಂತ ಒತ್ತಿದೆ. ನನ್ನ ಕಿವಿ ಗೊತ್ತಲ್ಲ, ಜೋರಾಗಿಯೇ ಇಟ್ಟಿದ್ದೆ. ನಿನ್ನ ಕೂಗು ಹೊಳೆಗೆ ಹೋಯಿತು. ಅವಳು ನಡುಹೊಳೆಯಲ್ಲಿದ್ದಳು, ದೋಣಿ ತುಂಬ ಜನ. ತಿರುಗಿಸಿಯೇಬಿಟ್ಟಳು!"

ಆ ಮೆಸೇಜನ್ನು ಇನ್ನೊಮ್ಮೆ ಒತ್ತಿ ಕೇಳಿದೆ. ನಮ್ಮಲ್ಲಿ ನಡುಹೊಳೆಯಿಂದ ಯಾರಿಗಾಗಿಯೂ ದೋಣಿ ತಿರುಗಿಸುವುದಿಲ್ಲ. ಕೂಗಿದವರು ಕಾಯಬೇಕು, ಮೊದಲು ಇದ್ದವರನ್ನು ದಾಟಿಸಿ ಆಮೇಲೆ ಬರುವುದು. ತಹಸೀಲ್ದಾರರು ಬಂದು ಕೂಗಿದಾಗಲೂ ಅವಳು ತಿರುಗಿ ನೋಡಿದವಳಲ್ಲ.

ಎರಡನೆಯದೂ ಅಮ್ಮನದೇ, ದನಿ ತಗ್ಗಿಸಿ. "ಬಂದವಳು ಅವನೆಲ್ಲಿ ಅಂತ ಕೇಳಿದಳು. ನಾನು ಮೊಬೈಲ್ ತೋರಿಸಿದೆ. ಅವಳು ಮೊಬೈಲನ್ನೂ ನೋಡಿದಳು, ನನ್ನ ಹಿಂದಿನ ದಾರಿಯನ್ನೂ ನೋಡಿದಳು. ಆಮೇಲೆ ದೋಣಿಯನ್ನು ಗೂಟಕ್ಕೆ ಕಟ್ಟಿ ಕೂತಿದ್ದಾಳೆ ಮಗಾ. ನಡುಹೊಳೆಯಿಂದ ತಿರುಗಿಸಿ ಆಯ್ತು, ಊರೆಲ್ಲ ನೋಡಿ ಆಯ್ತು, ಇನ್ನು ನೋಡಲಿಕ್ಕೆ ಎಂತ ಉಳಿದಿದೆ, ಬರ್ತಾನಾ ಇಲ್ವಾ ಅಂತ ಅವನು ಹೇಳದೆ ಹಗ್ಗ ಬಿಚ್ಚುವುದಿಲ್ಲ ಅಂತಾಳೆ."

ಮೂರನೆಯದು ಕುದ್ರು ಶಾಲೆಯ ಹೆಡ್‌ಮಾಸ್ತರರು. "ಪ್ರಿಯ ಹಳೆ ವಿದ್ಯಾರ್ಥಿ, ನಾವು ಹದಿನಾಲ್ಕು ಮಂದಿ ದೋಣಿಯಲ್ಲಿ ಬಿಸಿಲಿನಲ್ಲಿದ್ದೇವೆ. ಪ್ರಶ್ನೆ ಸರಳವಾಗಿದೆ. ಒಂದೇ ವಾಕ್ಯದಲ್ಲಿ ಉತ್ತರಿಸಬೇಕಾಗಿ ವಿನಂತಿ."

ನಾಲ್ಕನೆಯದರಲ್ಲಿ ಮಾತಿಲ್ಲ. ಒಂದು ಆಡು.

ಐದನೆಯದು ಮೀನು ಮಾರುವ ಹೆಂಗಸು. "ಏ ಗಂಡೇ! ಚೀನಾದಲ್ಲಿ ಸತ್ತಿದ್ದೀಯಾ ಬದುಕಿದ್ದೀಯಾ? ಬುಟ್ಟಿಯಲ್ಲಿ ಬಂಗುಡೆ ಇದೆ, ಐಸು ಕರಗಿ ನನ್ನ ಕಾಲ ಮೇಲೆ ಹರೀತಾ ಇದೆ. ಎಷ್ಟು ವರ್ಷದಿಂದ ಅವಳ ಹಿಂದೆ ಬಿದ್ದವನು, ಈಗ ಬಾಯಿಗೆ ಎಂತ ಆಯ್ತು? ಹೇಳಿ ಸಾಯಿ!"

ಹಾಜಿಯವರು ಕಿವಿ ಕೊಟ್ಟು ಕೇಳುತ್ತಿದ್ದವರು ನನ್ನ ಕೈ ಹಿಡಿದರು. "ಬಂಗುಡೆಯಾ? ಈ ಬಿಸಿಲಿಗೆ? ಹಾಳಾಗ್ತದೆ ಮಾರಾಯ! ಬರ್ತೇನೆ ಅಂತ ಹೇಳು, ಮೊದಲು ಹೇಳು. ರಜೆ ನಾನು ಕೊಡ್ತೇನೆ. ಒಮಾನಿಗೆ ಮುಟ್ಟಿದ ಕೂಡಲೇ ಹೊರಡು. ಖಲಾಸ್!"

ಮಳೆಯನ್ನು ಕೂಡ ಮಾತಲ್ಲೇ ಮಾರಿದ ನಾನು. ಮೊಬೈಲ್ ಬಾಯಿಗೆ ಹಿಡಿದೆ. ಏನೇನೋ ಹೇಳಬೇಕೆಂದಿದ್ದೆ. ಬಾಯಿಂದ ಹೊರಟದ್ದು ಒಂದೇ ಮಾತು.

"ಬರ್ತೇನೆ."

ಕಾದೆವು, ನಾನೂ ಹಾಜಿಯವರೂ, ತಲೆಗೆ ತಲೆ ತಾಗಿಸಿ. ಕೊನೆಗೆ ಒಂದು ಬಂತು. ಅದರಲ್ಲಿ ಅವಳು ಹಗ್ಗ ಬಿಚ್ಚಿದ ಸದ್ದು. ಹುಟ್ಟು ನೀರಿಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ನಮ್ಮ ಹೊಳೆ ಅಷ್ಟು ಹತ್ತಿರ ಕೇಳಿಸಿತು. ಆ ಸದ್ದಿನ ನಡುವೆ, ದೋಣಿಯ ಆಚೆ ತುದಿಯಿಂದ, ಮೀನಿನವಳು: "ಮದುವೆ ಊಟ ಎಂತದ್ದೂ ಬೇಡ ನನಗೆ. ಆ ದಿನ ಕಡವಿಗೆ ಬೇರೆ ದೋಣಿ ಇಟ್ಟರೆ ಸಾಕು!"